ರಕ್ತ ಮಾತ್ರ ಸಾಲದು, ಪಾದವನ್ನೂ ನೋಡಿ

ನೀವು ನಂಜನಗೂಡಿನ ಕಾರ್ಖಾನೆಗೆ ಹೋಗುವವರಿರಬಹುದು, ತಿ. ನರಸೀಪುರದ ಗದ್ದೆಯಲ್ಲಿ ಬರಿಗಾಲಲ್ಲಿ ದುಡಿಯುವವರಿರಬಹುದು. ಸಕ್ಕರೆ ಕಾಯಿಲೆಯಿದ್ದು ಕಾಲಿಗೆ ಗಾಯವಾದರೆ ಮೊದಲು ಎಲ್ಲಿಗೆ ಹೋಗುತ್ತೀರಿ? ನಮ್ಮಲ್ಲಿ ಹಲವರು ಮೆಡಿಕಲ್ ಅಂಗಡಿಗೆ. ಚೀಟಿಯಿಲ್ಲದೆ ನಾಲ್ಕು ಆಂಟಿಬಯೋಟಿಕ್ ಮಾತ್ರೆ ನುಂಗಿ, ಔಷಧಿಯಾಯಿತು ಎಂದು ಸುಮ್ಮನಾಗುತ್ತೇವೆ.

ಆದರೆ ನುಂಗಿದ ಔಷಧಿ ಗಾಯದವರೆಗೆ ತಲುಪಿತೇ? ರಕ್ತಪರೀಕ್ಷೆ ಇದನ್ನು ಹೇಳುವುದಿಲ್ಲ. ಇದನ್ನು ತಿಳಿಯಲು ಸಂಶೋಧಕರು ಮೈಕ್ರೋಡಯಾಲಿಸಿಸ್ ಎಂಬ ವಿಧಾನ ಬಳಸುತ್ತಾರೆ. ಇದು ಕಿಡ್ನಿ ರೋಗಿಗಳ ಡಯಾಲಿಸಿಸ್ ಅಲ್ಲ. ತುದಿಯಲ್ಲಿ ಜರಡಿಯಂಥ ಪೊರೆಯಿರುವ ಬಹಳ ಸಣ್ಣ ಕೊಳವೆಯನ್ನು ಚರ್ಮದಡಿ ಇಟ್ಟು, ಲವಣದ್ರವವನ್ನು ನಿಮಿಷಕ್ಕೆ ಒಂದೆರಡು ಮೈಕ್ರೋಲೀಟರ್‌ನಷ್ಟು ನಿಧಾನವಾಗಿ ಹರಿಸುತ್ತಾರೆ. ಜೀವಕೋಶಗಳ ನಡುವಿನ ದ್ರವದಲ್ಲಿರುವ ಗ್ಲೂಕೋಸ್, ಲ್ಯಾಕ್ಟೇಟ್, ಔಷಧಿಯ ಕಣಗಳು ಪೊರೆ ದಾಟಿ ಬರುತ್ತವೆ. ಅವನ್ನು ಅಳೆಯುತ್ತಾರೆ. 1970ರ ದಶಕದಲ್ಲಿ ಸ್ವೀಡನ್ನಿನ ಉರ್ಬಾನ್ ಉಂಗರ್‌ಸ್ಟೆಡ್ಟ್ ಇಲಿಗಳ ಮೆದುಳಿನಲ್ಲಿ ಬೆಳೆಸಿದ ಈ ವಿಧಾನ ಮುಂದೆ ಮನುಷ್ಯರ ಸಕ್ಕರೆ ಕಾಯಿಲೆಯ ಪಾದದ ಅಧ್ಯಯನಕ್ಕೂ ಬಂತು.

ಇಂಥ ಅಧ್ಯಯನಗಳ ಪಾಠ ಸರಳ: ರಕ್ತದಲ್ಲಿ ಔಷಧಿ ಸಾಕಷ್ಟಿದ್ದರೂ ಅಂಗಾಂಶದಲ್ಲಿ ಕಡಿಮೆ ಇರಬಹುದು. ರಕ್ತನಾಳ ಕಿರಿದಾಗಿ ಪಾದಕ್ಕೆ ರಕ್ತವೇ ಸರಿಯಾಗಿ ಇಳಿಯದಿದ್ದರೆ ಔಷಧಿ ಇಳಿಯುವುದು ಹೇಗೆ? ಯಾವ ಮಾತ್ರೆ, ಎಷ್ಟು ದಿನ ಎಂಬುದನ್ನು ವೈದ್ಯರೇ ಪಾದ ನೋಡಿ ನಿರ್ಧರಿಸಬೇಕು. ತಡಮಾಡಿದರೆ ಬೆರಳು, ಕೆಲವೊಮ್ಮೆ ಕಾಲೇ ಹೋಗುತ್ತದೆ. ಮನೆಯ ದುಡಿಮೆಯೂ ನಿಲ್ಲುತ್ತದೆ.

ನಮ್ಮ ಆರೋಗ್ಯ ಶಿಬಿರಗಳ ಬಗ್ಗೆ ನನ್ನ ತಕರಾರು ಇಲ್ಲಿದೆ. ಬೆರಳು ಚುಚ್ಚಿ ಸಕ್ಕರೆ ಅಂಶ ಬರೆದುಕೊಟ್ಟರೆ ಮುಗಿಯಿತು ಎಂದುಕೊಳ್ಳುತ್ತೇವೆ. ಚಪ್ಪಲಿ ಬಿಚ್ಚಿಸಿ ಪಾದ ನೋಡುವವರು ಎಷ್ಟು ಮಂದಿ? ಶಿಬಿರ ನಡೆಸುವ ಮಸೀದಿ ಕಮಿಟಿಗಳು, ಯುವಕ ಸಂಘಗಳು ಪಾದದ ಸ್ಪರ್ಶಜ್ಞಾನ ಮತ್ತು ನಾಡಿಮಿಡಿತದ ಪರೀಕ್ಷೆಯನ್ನೂ ಸೇರಿಸಲಿ. ಅದಕ್ಕೆ ದುಬಾರಿ ಯಂತ್ರ ಬೇಕಿಲ್ಲ.

ನೀವೂ ಒಂದು ಕೆಲಸ ಮಾಡಿ. ವುಝೂ ಮಾಡುವಾಗ ದಿನಕ್ಕೆ ಹಲವು ಬಾರಿ ಪಾದ ತೊಳೆಯುತ್ತೀರಿ. ಒಮ್ಮೆಯಾದರೂ ಬೆಳಕಿನಲ್ಲಿ ಅಂಗಾಲು, ಹಿಮ್ಮಡಿ, ಬೆರಳ ಸಂದುಗಳನ್ನು ನೋಡಿ. ಸಂದುಗಳನ್ನು ಒರೆಸಿ ಒಣಗಿಸಿ. ಬಗ್ಗಲಾಗದ ಹಿರಿಯರ ಪಾದವನ್ನು ಮಕ್ಕಳು ನೋಡಲಿ. ಗುಳ್ಳೆ, ಬಿರುಕು, ಬಣ್ಣ ಬದಲಾವಣೆ ಕಂಡರೆ ನೋವಿಲ್ಲವೆಂದು ಕಾಯಬೇಡಿ. ನೋವು ತಿಳಿಯದಿರುವುದೇ ಈ ಕಾಯಿಲೆಯ ಅಪಾಯ. ಅಂದೇ ಆಸ್ಪತ್ರೆಗೆ ಹೋಗಿ.