ಬೆಲ್ಲ ಕರಗಲು ಬಾವಿಯಲ್ಲಿ ನೀರಿರಲಿ

ಮಗುವಿನ ಕೈಮೇಲೆ ನರಹುಲಿ ಎದ್ದರೆ ನಮ್ಮ ಹಳ್ಳಿಗಳ ಹಿರಿಯರು ಮಾಡುತ್ತಿದ್ದ ಚಿಕಿತ್ಸೆ ಬಹಳ ಸರಳವಾದುದು. ಒಂದು ಹಿಡಿ ಉಪ್ಪು, ಒಂದು ತುಂಡು ಬೆಲ್ಲವನ್ನು ಮಗುವಿನ ಕೈಯಿಂದಲೇ ದೇವರ ಹೊಂಡಕ್ಕೋ ಬಾವಿಗೋ ಹಾಕಿಸುವುದು. ಉಪ್ಪು ಬೆಲ್ಲ ಕರಗಿದಂತೆ ನರಹುಲಿಯೂ ಕರಗಲಿ ಎಂದು ಕೈಮುಗಿಸುವುದು. ನರಹುಲಿಗೆ ಕಾರಣ ವೈರಾಣು, ಮಕ್ಕಳಲ್ಲಿ ಬಹುಪಾಲು ಅದು ಕೆಲಕಾಲದ ನಂತರ ತಾನಾಗಿಯೇ ಮರೆಯಾಗುತ್ತದೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಕೀರ್ತಿ ಮಾತ್ರ ಬಾವಿಗೆ ಸಲ್ಲುತ್ತಿತ್ತು. ಅದರಿಂದ ಯಾರಿಗೂ ನಷ್ಟವಿರಲಿಲ್ಲ. ಆದರೆ ಈ ಚಿಕಿತ್ಸೆಗೆ ಯಾರೂ ಬಾಯಿಬಿಟ್ಟು ಹೇಳದ ಒಂದು ನಿಬಂಧನೆಯಿತ್ತು: ಬೆಲ್ಲ ಕರಗಬೇಕಾದರೆ ಬಾವಿಯಲ್ಲಿ ನೀರಿರಬೇಕು. ಒಣಗಿದ ಬಾವಿಯ ತಳದ ಕಲ್ಲಿನ ಮೇಲೆ ಬಿದ್ದ ಬೆಲ್ಲ ಇರುವೆಯ ಪಾಲು.

ಈ ಸಂಚಿಕೆಯಲ್ಲಿ ಘಟ್ಟದ ಸೀಮೆಯನ್ನು ದಾಟಿ ಬಯಲುಸೀಮೆಯ ಮಾತನ್ನು ಎತ್ತಿಕೊಳ್ಳಲು ಈ ನಿಬಂಧನೆಯೇ ಕಾರಣ.

ನೀರನ್ನು ವೈದ್ಯನೆಂದು ನಂಬಿದ ತಾಣಗಳು ಕನ್ನಡ ನಾಡಿನ ಉದ್ದಗಲಕ್ಕೂ ಇವೆ. ಸವದತ್ತಿಯ ಗುಡ್ಡಕ್ಕೆ ಹೋಗುವ ಭಕ್ತರು ಮೊದಲು ಜೋಗುಳಬಾವಿಯಲ್ಲಿ ಮಿಂದು ಅನಂತರ ಎಲ್ಲಮ್ಮನ ದರ್ಶನಕ್ಕೆ ಏರುತ್ತಾರೆ. ಶಾಪದಿಂದ ತೊನ್ನು ಹಿಡಿದ ರೇಣುಕೆ ಆ ನೀರಿನಲ್ಲಿ ಮಿಂದು ಗುಣಹೊಂದಿದಳೆಂಬುದು ಸ್ಥಳದ ನಂಬಿಕೆ. ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ಬೆಂದ್ರುತೀರ್ಥವೆಂಬ ಬಿಸಿನೀರಿನ ಬುಗ್ಗೆಯಿದೆ. ಚರ್ಮದ ಕಾಯಿಲೆಗೆ ಅದರ ಸ್ನಾನ ಒಳ್ಳೆಯದೆಂದು ಜನ ಬರುತ್ತಾರೆ. ಬಂಟ್ವಾಳದ ಬಳಿಯ ನರಹರಿ ಪರ್ವತದ ಬಂಡೆಯ ಮೇಲಿನ ತೀರ್ಥಗಳಲ್ಲಿ ಆಟಿ ಅಮಾವಾಸ್ಯೆಯಂದು ಮೀಯುವವರ ಸಾಲೇ ಇರುತ್ತದೆ. ಹರಕೆಯ ತಾಣಗಳ ಕಥೆಯೂ ಇಂಥದೇ. ಉಜಿರೆಯ ಸಮೀಪದ ಸೂರ್ಯ ಸದಾಶಿವರುದ್ರ ದೇವಸ್ಥಾನದಲ್ಲಿ ಬೇಡಿಕೆ ಈಡೇರಿದವರು ಮಣ್ಣಿನ ಗೊಂಬೆಯನ್ನು ಒಪ್ಪಿಸುತ್ತಾರೆ: ಮನೆ ಬೇಡಿದವರು ಮಣ್ಣಿನ ಮನೆ, ಮಗು ಬೇಡಿದವರು ಮಣ್ಣಿನ ಮಗು, ಕಾಲುನೋವು ವಾಸಿಯಾದವರು ಮಣ್ಣಿನ ಕಾಲು. ಬನದಲ್ಲಿ ರಾಶಿಬಿದ್ದ ಆ ಹರಕೆಗಳು ಮಳೆಗೆ ನೆನೆದು ಮತ್ತೆ ಮಣ್ಣಾಗುತ್ತವೆ.

ಇವೆಲ್ಲವನ್ನೂ ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಜನಪದರು ದೇವರಿಗೆ ಒಪ್ಪಿಸಿದ್ದು ಬಹುಮಟ್ಟಿಗೆ ಕರಗುವ, ಕೊಳೆಯುವ, ಮಣ್ಣಿಗೆ ಮರಳುವ ವಸ್ತುಗಳನ್ನು. ದೂರದ ಸ್ಕಾಟ್ಲೆಂಡ್, ಐರ್ಲೆಂಡ್‌ಗಳಲ್ಲಿಯೂ ರೋಗಿಗಳು ಪವಿತ್ರ ಬಾವಿಯ ನೀರಿನಲ್ಲಿ ಬಟ್ಟೆಯ ಚೂರನ್ನು ಅದ್ದಿ ಪಕ್ಕದ ಮರಕ್ಕೆ ಕಟ್ಟುವ ಪದ್ಧತಿಯಿದೆ. ಬಟ್ಟೆ ಜೀರ್ಣವಾದಂತೆ ರೋಗವೂ ಕ್ಷೀಣಿಸುತ್ತದೆಂಬ ನಂಬಿಕೆ ಅವರದು. ಈಗ ಅಲ್ಲಿ ಪಾಲಿಯೆಸ್ಟರ್ ಬಟ್ಟೆ ಮರಕ್ಕೆ ಉರುಳಾಗಿದೆ. ಇಲ್ಲಿ ತೊಟ್ಟಿಲ ಹರಕೆ ಪ್ಲಾಸ್ಟಿಕ್ಕಿನದಾಗಿದೆ, ತೀರ್ಥದ ಮೆಟ್ಟಿಲ ಮೇಲೆ ಶ್ಯಾಂಪೂ ಚೀಟಿಗಳು ಬಿದ್ದಿವೆ. ಕರಗಲಾರದ ವಸ್ತುವನ್ನು ಅರ್ಪಿಸಿ ರೋಗ ಕರಗಲೆಂದು ಬೇಡುವುದು ಆ ನಂಬಿಕೆಯ ತರ್ಕಕ್ಕೇ ವಿರುದ್ಧವಾದುದು.

ಈಗ ಹೊರ್ತಿಗೆ ಬರೋಣ. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಇಂಡಿ ಸೀಮೆಯ ಈ ಊರು ರೇವಣಸಿದ್ಧೇಶ್ವರನ ಕ್ಷೇತ್ರ. ಹಾಲುಮತದವರೂ ವೀರಶೈವರೂ ಒಂದೇ ಸಮನೆ ನಡೆದುಕೊಳ್ಳುವ ಸಿದ್ಧನ ಹೆಸರಿನಲ್ಲಿ ಇಲ್ಲಿ ಜಾತ್ರೆ ಸೇರುತ್ತದೆ, ದನಗಳ ಸಂತೆ ನೆರೆಯುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಈ ನೆಲ ಮಳೆ ಕಡಿಮೆಯಾದ ಕಪ್ಪುಮಣ್ಣಿನ ನಾಡು. ಇಲ್ಲಿ ಬಾಣಂತಿ ಮೊದಲ ಸಲ ಮನೆಯಿಂದ ಹೊರಟು ಮಾಡುವ ಕೆಲಸ ಗಂಗೆಯ ಪೂಜೆ. ಬಾವಿಗೆ ಅರಿಶಿನ ಕುಂಕುಮ ಏರಿಸಿ, ಕೊಡ ತುಂಬಿ ತಂದ ಮೇಲೆಯೇ ಆಕೆ ಮನೆಯ ಕೆಲಸಕ್ಕೆ ಮರಳುವುದು. ನೀರು ವಿರಳವಾದಲ್ಲಿ ಅದರ ಮೇಲಿನ ಗೌರವ ಹೆಚ್ಚು.

ಆದರೆ ಇದೇ ನೆಲವು ಜಲಪೂಜೆಯ ಅತ್ಯಂತ ನಿಷ್ಠುರ ವಿಮರ್ಶಕನನ್ನೂ ಹೆತ್ತಿತು. ಬಸವನ ಬಾಗೇವಾಡಿಯ ಬಸವಣ್ಣನವರು, ಕಂಡ ಕಂಡ ನೀರಿಗೆ ಇಳಿಯುವವರನ್ನೂ ಮರಗಳಿಗೆ ಪ್ರದಕ್ಷಿಣೆ ಹಾಕುವವರನ್ನೂ ಒಂದು ವಚನದಲ್ಲಿ ತರಾಟೆಗೆ ತೆಗೆದುಕೊಂಡಿದ್ದಾರೆ. ಒಂದು ದಿನ ಇಲ್ಲವಾಗುವ ನೀರನ್ನೂ ಮರವನ್ನೂ ನೆಚ್ಚಿಕೊಂಡವನು ಶಾಶ್ವತವಾದುದನ್ನು ಅರಿಯಲಾರ ಎಂಬುದು ಅವರ ವಾದದ ತಿರುಳು. ಪರಿಸರದ ಹೆಸರಿನಲ್ಲಿ ಎಲ್ಲ ಆಚರಣೆಗಳನ್ನೂ ಕೊಂಡಾಡುವ ಚಾಳಿಗೆ ಬಿದ್ದಿರುವ ನಮ್ಮಂಥವರು ಈ ಮಾತನ್ನು ಬದಿಗೆ ಸರಿಸುವಂತಿಲ್ಲ. ಮಲೆನಾಡಿನ ಚಂದ್ರಗುತ್ತಿಯಲ್ಲಿ ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ಗುಡಿಗೆ ನಡೆಯುತ್ತಿದ್ದರು. 1986ರಲ್ಲಿ ಅದನ್ನು ತಡೆಯಹೋದ ಕಾರ್ಯಕರ್ತರೂ ಪೊಲೀಸರೂ ಹಲ್ಲೆಗೊಳಗಾದ ಬಳಿಕ ಆ ಸೇವೆ ನಿಷೇಧಗೊಂಡಿತು. ಎಲ್ಲರನ್ನೂ ಗುಣಪಡಿಸುವ ನೀರೆಂದು ಹೊಗಳಿಸಿಕೊಂಡ ಎಷ್ಟೋ ಬಾವಿಗಳು ದಲಿತರ ಕೊಡಕ್ಕೆ ಮಾತ್ರ ಮುಚ್ಚಿದ್ದವು. ಸಾರ್ವಜನಿಕ ಕೆರೆಯ ನೀರು ಮುಟ್ಟುವ ಹಕ್ಕಿಗಾಗಿ ಅಂಬೇಡ್ಕರ್ ಅವರು 1927ರಲ್ಲಿ ಮಹಾಡದಲ್ಲಿ ಸತ್ಯಾಗ್ರಹ ಹೂಡಬೇಕಾಯಿತು. ಕುಷ್ಠರೋಗಕ್ಕೆ ಇಂದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ದೊರೆಯುವ ಬಹು ಔಷಧ ಚಿಕಿತ್ಸೆಯಿದೆ. ತೀರ್ಥಸ್ನಾನವನ್ನು ನೆಚ್ಚಿ ಆ ಚಿಕಿತ್ಸೆಗೆ ತಡಮಾಡಿದವನ ಬೆರಳುಗಳನ್ನು ಯಾವ ಬಾವಿಯೂ ಮರಳಿ ಕೊಡುವುದಿಲ್ಲ. ಇಷ್ಟನ್ನು ಸ್ಪಷ್ಟವಾಗಿ ಹೇಳಿಯೇ ನಾವು ಮುಂದುವರಿಯಬೇಕು.

ಬಸವಣ್ಣನವರ ಕಾಲಕ್ಕೆ ನೀರು ಬತ್ತುವುದು ಅನಿತ್ಯತೆಗೆ ಒಂದು ದೃಷ್ಟಾಂತವಾಗಿತ್ತು. ನಮ್ಮ ಕಾಲಕ್ಕೆ ಅದು ದಿನನಿತ್ಯದ ವರದಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಇಂಡಿಯ ನಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಆದರೆ ಬರ ಬಂದಾಗ ಆ ನಿಂಬೆಯ ತೋಟವನ್ನು ಉಳಿಸಿಕೊಳ್ಳಲು ರೈತರು ಟ್ಯಾಂಕರಿನಲ್ಲಿ ನೀರು ತಂದು ಹೊಯ್ಯಬೇಕಾಗುತ್ತದೆ. ಕೊಳವೆಬಾವಿ ಆಳಕ್ಕೆ ಇಳಿದಂತೆ ಮೇಲಿನ ತೆರೆದ ಬಾವಿಯ ಸೆಲೆ ಸೊರಗುತ್ತದೆ. ಅಷ್ಟೇ ಅಲ್ಲ, ಆಳದ ಶಿಲೆಯಲ್ಲಿ ಬಹುಕಾಲ ನಿಂತ ನೀರು ಫ್ಲೋರೈಡ್ ಹೊತ್ತು ತರುವ ಸಂಭವ ಹೆಚ್ಚು. ವಿಜಯಪುರ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಈ ದೋಷವಿದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ಫ್ಲೋರೈಡನ್ನು ವರ್ಷಗಟ್ಟಲೆ ಕುಡಿದವರಿಗೆ ಹಲ್ಲು ಕಂದುತ್ತದೆ, ಪ್ರಮಾಣ ಇನ್ನೂ ಹೆಚ್ಚಿದ್ದಲ್ಲಿ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಕಾಯಿಲೆ ಕಳೆಯಲೆಂದು ಅಜ್ಜಿ ನೀರಿಗೆ ಕೈಮುಗಿದಳು. ಮೊಮ್ಮಗಳಿಗೆ ನೀರೇ ಕಾಯಿಲೆಯಾಗಿ ಬಂದಿತು. ಈ ವಿಪರ್ಯಾಸಕ್ಕೆ ಅಜ್ಜಿಯ ಮೂಢನಂಬಿಕೆ ಕಾರಣವಲ್ಲ. ಯಂತ್ರ ಇಳಿಸಿದಷ್ಟೂ ನೀರು ಬರುತ್ತದೆಂಬ ನಮ್ಮ ವಿದ್ಯಾವಂತ ಮೂಢನಂಬಿಕೆ ಕಾರಣ.

ಹರಕೆಯ ಬಾವಿಗಳಿಗೆ ಹಿಂದೆ ಕಟ್ಟಳೆಗಳಿದ್ದವು. ಚಪ್ಪಲಿ ಮೆಟ್ಟಿ ಇಳಿಯಬಾರದು, ಉಗುಳಬಾರದು, ಎಂಜಲು ತೊಳೆಯಬಾರದು; ಜಾತ್ರೆಗೆ ಮುಂಚೆ ಊರವರು ಸೇರಿ ಹೂಳು ತೆಗೆಯಬೇಕು. ದೇವರ ಭಯದ ಹೆಸರಿನಲ್ಲಿ ನಡೆಯುತ್ತಿದ್ದುದು ಸಾರ್ವಜನಿಕ ಆಸ್ತಿಯ ನಿರ್ವಹಣೆ. ಭಯ ಹೋಯಿತು, ಒಳ್ಳೆಯದೇ. ಆದರೆ ಅದರ ಜಾಗಕ್ಕೆ ಜವಾಬ್ದಾರಿ ಬರಲಿಲ್ಲ. ವಿಜಯಪುರ ನಗರದಲ್ಲಿಯೇ ಆದಿಲ್‌ಶಾಹಿ ಕಾಲದ ತಾಜ್ ಬಾವಡಿಯಂಥ ಭವ್ಯ ಬಾವಿ ಬಹುಕಾಲ ಕಸಕ್ಕೂ ಗಣೇಶಮೂರ್ತಿಗಳ ವಿಸರ್ಜನೆಗೂ ತಾಣವಾಗಿತ್ತು. 2010ರ ದಶಕದ ಉತ್ತರಾರ್ಧದಲ್ಲಿ ಆ ಊರಿನ ಬಾವಡಿಗಳ ಹೂಳು ತೆಗೆಯುವ ಕೆಲಸ ನಡೆದಾಗ ಕಂಡುಬಂದುದಿಷ್ಟು: ಬಾವಿಗಳು ಸತ್ತಿರಲಿಲ್ಲ, ನಾವು ಅವುಗಳ ಬಾಯಿ ಮುಚ್ಚಿದ್ದೆವು.

ಘಟ್ಟದವರಾದ ನಮಗೆ ಇದರಲ್ಲಿ ಸ್ವಾರ್ಥವಿಲ್ಲವೆಂದು ಹೇಳುವುದಿಲ್ಲ. ಬಯಲಿನ ಬಾವಿ ಬತ್ತಿದಾಗಲೆಲ್ಲ ಯೋಜನೆಯ ನಕಾಶೆಗಳು ಪಶ್ಚಿಮಘಟ್ಟದ ಹೊಳೆಗಳ ಕಡೆಗೆ ತಿರುಗುತ್ತವೆ. ಬೇಡ್ತಿ–ವರದಾ ಜೋಡಣೆಯ ಪ್ರಸ್ತಾಪ ಮತ್ತೆ ಮತ್ತೆ ತಲೆಯೆತ್ತುವುದನ್ನು ನಮ್ಮ ಓದುಗರು ಬಲ್ಲರು. ಕೃಷ್ಣೆ ಮಹಾಬಲೇಶ್ವರದಲ್ಲಿ, ಭೀಮೆ ಭೀಮಾಶಂಕರದಲ್ಲಿ ಹುಟ್ಟಿ ಇದೇ ಜಿಲ್ಲೆಗೆ ಬರುತ್ತವೆ. ಹೊರ್ತಿಯ ಸಿದ್ಧನ ಹೆಸರಿನಲ್ಲಿಯೂ ಒಂದು ಏತ ನೀರಾವರಿ ಯೋಜನೆಯಿದೆ. ಬಯಲಿನ ಬಾಯಾರಿಕೆ ನಿಜವಾದುದು, ನ್ಯಾಯವಾದುದು. ಅದನ್ನು ಅಲ್ಲಗಳೆಯುವ ಹಕ್ಕು ಮಳೆನಾಡಿನಲ್ಲಿ ಕುಳಿತ ನಮಗಿಲ್ಲ. ಆದರೆ ದೂರದ ಹೊಳೆಯ ನೀರು ಬಂದಿತೆಂದು ಊರ ಬಾವಿಯನ್ನು ಮುಚ್ಚಿದರೆ, ಕಾಲುವೆ ಒಣಗಿದ ವರ್ಷ ಊರಿಗೆ ಬೇರೆ ಗತಿಯಿರುವುದಿಲ್ಲ. ಮೊದಲು ಬಿದ್ದ ಮಳೆ, ಆಮೇಲೆ ತಂದ ನೀರು ಎಂಬ ಕ್ರಮವನ್ನಾದರೂ ನಾವೆಲ್ಲ ಒಪ್ಪಿಕೊಳ್ಳಬೇಕು.

ಆದ್ದರಿಂದ ನಮ್ಮ ಒತ್ತಾಯ ಮೂರು. 2002ರ ಜೀವವೈವಿಧ್ಯ ಅಧಿನಿಯಮದ ಪ್ರಕಾರ ಪ್ರತಿ ಪಂಚಾಯಿತಿಯೂ ಇಡಬೇಕಾದ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಊರಿನ ಹರಕೆಯ ಬಾವಿ, ಹೊಂಡ, ಬುಗ್ಗೆ, ಬನಗಳು ಅವುಗಳ ಆಚರಣೆಯ ಸಮೇತ ಸೇರಲಿ. ಎರಡನೆಯದಾಗಿ, ಅಂಥ ಪ್ರತಿಯೊಂದು ನೀರನ್ನೂ ವರ್ಷಕ್ಕೆರಡು ಬಾರಿ ಪರೀಕ್ಷಿಸಿ, ಫಲಿತಾಂಶವನ್ನು ಗುಡಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಲಿ. ನಂಬಿ ಕುಡಿಯುವವನಿಗೆ ತಿಳಿದು ಕುಡಿಯುವ ಹಕ್ಕೂ ಇದೆ. ಮೂರನೆಯದಾಗಿ, ಪೂಜ್ಯ ಬಾವಿಗಳ ಸುತ್ತ ಹೊಸ ಕೊಳವೆಬಾವಿ ಕೊರೆಯದಂತೆ ಗ್ರಾಮಸಭೆಗಳೇ ನಿರ್ಣಯ ಕೈಗೊಳ್ಳಲಿ, ಮತ್ತು ಆ ಬಾವಿಯ ಮೆಟ್ಟಿಲು ಎಲ್ಲ ಜಾತಿಯವರ ಪಾದಕ್ಕೂ ತೆರೆದಿರಲಿ.

ಮುಂದಿನ ಜಾತ್ರೆಗೆ ಹರಕೆ ಹೊರುವ ಸೋದರ ಸೋದರಿಯರಲ್ಲಿ ನಮ್ಮದೊಂದು ಬಿನ್ನಹ. ಈ ಸಲ ಕಾಯಿ ಕರ್ಪೂರದ ಜೊತೆಗೆ ಒಂದು ಬುಟ್ಟಿ ಹೂಳನ್ನೂ ಹರಕೆಯಾಗಿ ಹೊತ್ತು ಮೇಲಕ್ಕೆ ತನ್ನಿ. ರೋಗ ವಾಸಿಯಾಗುವುದೋ ಇಲ್ಲವೋ, ಅದನ್ನು ವೈದ್ಯರಿಗೂ ದೇವರಿಗೂ ಬಿಡೋಣ. ಬಾವಿಯಾದರೂ ವಾಸಿಯಾದೀತು. ನಾಳೆ ಯಾವುದೋ ಮಗು ಉಪ್ಪು ಬೆಲ್ಲ ಹಿಡಿದು ಬಂದಾಗ, ಕರಗಿಸಿಕೊಳ್ಳಲು ಅಲ್ಲಿ ನೀರಿದ್ದೀತು.