ನೈಲ್ ನದಿಯ ಕಂಡಿಯೂ ನೋಡಿದವರ ಹೊಣೆಯೂ

ಪೂರ್ವ ಆಫ್ರಿಕದ ಉಗಾಂಡ ದೇಶದ ವಾಯವ್ಯ ಭಾಗದಲ್ಲಿ ನೈಲ್ ನದಿಯು ಸುಮಾರು 7 ಮೀಟರ್ ಅಗಲದ ಬಂಡೆಯ ಕಂಡಿಯೊಳಗೆ ನುಗ್ಗಿ, 43 ಮೀಟರ್ ಕೆಳಕ್ಕೆ ಧುಮುಕುತ್ತದೆ. ಇದೇ ಮರ್ಚಿಸನ್ ಜಲಪಾತ. ಇದರ ಸುತ್ತಲಿನ 3,800 ಚದರ ಕಿಲೋಮೀಟರಿಗೂ ಹೆಚ್ಚಿನ ನೆಲವು 1952ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಆ ದೇಶದ ಅತಿದೊಡ್ಡ ಉದ್ಯಾನವಿದು.

ಇಲ್ಲಿಗೆ ಬರುವ ಪ್ರವಾಸಿಗೆ ಕಣ್ತುಂಬುವಷ್ಟು ದೃಶ್ಯಗಳಿವೆ. ಪಾರಾ ಎಂಬಲ್ಲಿಂದ ಜಲಪಾತದತ್ತ ಸಾಗುವ ದೋಣಿಯ ಇಕ್ಕೆಲಗಳಲ್ಲಿ ನೀರಾನೆಗಳ ಹಿಂಡು, ದಡದಲ್ಲಿ ಬಾಯ್ದೆರೆದು ಮಲಗಿದ ಮೊಸಳೆಗಳು, ಮಣ್ಣಿನ ದಂಡೆಯಲ್ಲಿ ಬಿಲ ಕೊರೆದು ಗೂಡು ಮಾಡುವ ಕೆಂಪು ಕೊರಳಿನ ಕಳ್ಳಿಪೀರಗಳು ಕಾಣುತ್ತವೆ. ಉತ್ತರ ದಡದ ತಾಳೆಮರಗಳ ಹುಲ್ಲುಗಾವಲಿನಲ್ಲಿ ಜಿರಾಫೆ, ಆನೆ, ಸಿಂಹ ಹಾಗೂ ಕಾಬ್ ಹುಲ್ಲೆಗಳಿವೆ. ನದಿಯು ಆಲ್ಬರ್ಟ್ ಸರೋವರವನ್ನು ಸೇರುವ ಮುಖಜಭೂಮಿಯ ಜೊಂಡಿನಲ್ಲಿ ಶೂಬಿಲ್ ಎಂಬ ಅಪರೂಪದ ಹಕ್ಕಿಯು ಮೀನಿಗಾಗಿ ತಾಸುಗಟ್ಟಲೆ ಶಿಲೆಯಂತೆ ನಿಂತಿರುತ್ತದೆ. ದಕ್ಷಿಣದ ಬುಡೊಂಗೊ ಕಾಡು ಚಿಂಪಾಂಜಿಗಳ ನೆಲೆ. ಒಟ್ಟು 450ಕ್ಕೂ ಹೆಚ್ಚು ಜಾತಿಯ ಪಕ್ಷಿಗಳು ಈ ಉದ್ಯಾನದಲ್ಲಿ ದಾಖಲಾಗಿವೆ. ಮಲೆನಾಡಿನವರು ಬಲ್ಲ ಮಂಗಟ್ಟೆಯ ಬಂಧುವೊಂದು ಅಲ್ಲಿ ಹುಲ್ಲಿನ ಮೇಲೆ ನಡೆದಾಡುತ್ತ ಆಹಾರ ಹುಡುಕುತ್ತದೆ. ಕರ್ನಾಟಕದ ಕೆರೆಗಳ ಕಪ್ಪುಬಿಳಿ ಮಿಂಚುಳ್ಳಿಯೇ ನೈಲ್ ನದಿಯ ಮೇಲೂ ರೆಕ್ಕೆ ಬಡಿಯುತ್ತ ನಿಂತು ಮೀನಿಗೆ ಎರಗುತ್ತದೆ.

ಆದರೆ ಈ ನೆಲ ಅನಾದಿಯಿಂದಲೂ ನಿರ್ಜನವಾಗಿತ್ತೆಂದು ಭಾವಿಸುವುದು ತಪ್ಪು. ಇದು ಬುನ್ಯೊರೊ ರಾಜ್ಯದ ಸೀಮೆ. 1864ರಲ್ಲಿ ಇಲ್ಲಿಗೆ ಬಂದ ಸ್ಯಾಮ್ಯುಯೆಲ್ ಬೇಕರ್ ದಂಪತಿ ಲಂಡನ್ನಿನ ಭೂಗೋಳ ಸಂಘದ ಅಧ್ಯಕ್ಷನ ಹೆಸರನ್ನು ಜಲಪಾತಕ್ಕಿಟ್ಟರು. ಬ್ರಿಟಿಷರನ್ನು ವರ್ಷಗಟ್ಟಲೆ ಎದುರಿಸಿದ ಬುನ್ಯೊರೊದ ದೊರೆ ಕಬಲೇಗ 1899ರಲ್ಲಿ ಸೆರೆಯಾಗಿ ದ್ವೀಪಾಂತರಕ್ಕೆ ಹೋದನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಿದ್ರಾರೋಗ ಹಬ್ಬಿದಾಗ ವಸಾಹತು ಸರಕಾರವು ಇಲ್ಲಿನ ಹಳ್ಳಿಗಳನ್ನು ತೆರವು ಮಾಡಿಸಿತು. ಜನ ಹೋದ ನೆಲದಲ್ಲಿ ಮೃಗಗಳು ಹೆಚ್ಚಿದವು. ಆ ನೆಲವೇ ಮೊದಲು ಮೃಗರಕ್ಷಿತ ಪ್ರದೇಶವಾಗಿ, ಬಳಿಕ ಉದ್ಯಾನವಾಯಿತು. 1970ರ ದಶಕದ ಸೈನಿಕ ಆಳ್ವಿಕೆ ಮತ್ತು ಅದರ ಬೆನ್ನಿಗೇ ಬಂದ ಯುದ್ಧದ ವರ್ಷಗಳಲ್ಲಿ ಸಾವಿರಾರು ಆನೆಗಳು ದಂತಕ್ಕಾಗಿ ಹತವಾದವು. ಖಡ್ಗಮೃಗವಂತೂ ದೇಶದ ಕಾಡುಗಳಿಂದಲೇ ಅಳಿಸಿಹೋಯಿತು. ಈಚಿನ ದಶಕಗಳಲ್ಲಿ ಮೃಗಸಂಕುಲ ಚೇತರಿಸಿಕೊಂಡಿದ್ದರೆ ಅದು ಕಾವಲುಗಾರರ ದುಡಿಮೆಯ ಫಲ, ಹಾಗೆಯೇ ಕಾಡಿನಿಂದ ಹೊರಗುಳಿಯಲೊಪ್ಪಿದ ನೆರೆಹಳ್ಳಿಗಳ ತ್ಯಾಗದ ಫಲ. ಪ್ರವೇಶ ಶುಲ್ಕದ ಶೇಕಡ 20 ಭಾಗ ಈ ಹಳ್ಳಿಗಳಿಗೆ ಸಲ್ಲಬೇಕೆಂಬ ಕಾನೂನು ಆ ತ್ಯಾಗಕ್ಕೆ ದೊರೆತ ಅಲ್ಪ ಮನ್ನಣೆ.

ಇಂತಹ ನೆಲದಡಿಯಲ್ಲಿ ತೈಲವಿದೆಯೆಂಬುದು 2006ರಲ್ಲಿ ಖಚಿತವಾಯಿತು. 2022ರ ಫೆಬ್ರವರಿಯಲ್ಲಿ ಟೋಟಲ್ ಎನರ್ಜೀಸ್ ಮತ್ತು ಚೀನಾದ ಕಂಪನಿಯೊಂದು ಉಗಾಂಡ ಸರಕಾರದೊಡಗೂಡಿ ಬಂಡವಾಳ ಹೂಡಲು ನಿರ್ಧರಿಸಿದವು. 2023ರಲ್ಲಿ ಕೊರೆತ ಆರಂಭವಾಯಿತು. ತಿಲೆಂಗ ಎಂಬ ಈ ಯೋಜನೆಯಲ್ಲಿ 400ಕ್ಕೂ ಹೆಚ್ಚು ಬಾವಿಗಳಿವೆ. ಬಾವಿ ಕೊರೆಯುವ 31 ತಾಣಗಳ ಪೈಕಿ 10 ಉದ್ಯಾನದ ಒಳಗೇ ಇವೆ. ಗಟ್ಟಿಯಾಗುವ ಸ್ವಭಾವದ ಈ ತೈಲವನ್ನು ಕಾಯಿಸುತ್ತಲೇ 1,443 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ತಾಂಜಾನಿಯದ ಕಡಲತೀರಕ್ಕೆ ಒಯ್ಯಬೇಕು. ಜನರನ್ನು ವಾಹನಗಳನ್ನು ಹಾಯಿಗಡದ ಮೇಲೆ ದಾಟಿಸುತ್ತಿದ್ದ ಪಾರಾದಲ್ಲಿ ಈಗ ನೈಲ್ ನದಿಗೆ ಸೇತುವೆಯಾಗಿದೆ, ಕಾಡಿನ ನಡುವೆ ಡಾಂಬರು ರಸ್ತೆ ಹಾಸಿದೆ.

ಬಾವಿಗಳು ಆಕ್ರಮಿಸುವುದು ಉದ್ಯಾನದ ಅತ್ಯಲ್ಪ ಅಂಶವನ್ನು ಮಾತ್ರ ಎಂಬುದು ಕಂಪನಿಯ ಸಮಜಾಯಿಷಿ. ಬಡ ದೇಶವೊಂದಕ್ಕೆ ತನ್ನ ನೆಲದ ಸಂಪತ್ತನ್ನು ಬಳಸುವ ಹಕ್ಕಿಲ್ಲವೇ ಎಂಬುದು ಸರಕಾರದ ಪ್ರಶ್ನೆ. ಎರಡನೆಯದು ತೂಕವುಳ್ಳ ಪ್ರಶ್ನೆ. ಶತಮಾನದಿಂದ ತೈಲ ಸುಟ್ಟು ಸಿರಿವಂತರಾದ ದೇಶಗಳು ಅದಕ್ಕೆ ಸುಲಭವಾಗಿ ಉತ್ತರಿಸಲಾರವು. ಆದರೆ ಮೊದಲನೆಯ ವಾದ ನಿಲ್ಲುವುದಿಲ್ಲ. ಯಂತ್ರದ ಸದ್ದು, ರಾತ್ರಿಯ ಬೆಳಕು, ಲಾರಿಗಳ ಸಂಚಾರ ಬಾವಿಯ ಬೇಲಿಯೊಳಗೆ ಉಳಿಯುವುದಿಲ್ಲ. ನೆಲದ ಕಂಪನವನ್ನು ಪಾದದಿಂದಲೇ ಗ್ರಹಿಸುವ ಆನೆಗೆ ಆ ಬೇಲಿ ಲೆಕ್ಕಕ್ಕಿಲ್ಲ. ಕಾಡಿನೊಳಗೆ ನೆಲೆ ಕದಡಿದ ಆನೆ ಹೊರಗಿನ ಹೊಲಕ್ಕೆ ನುಗ್ಗಿದರೆ ನಷ್ಟ ಯಾರದೆಂಬುದನ್ನು ಕಾಡಂಚಿನ ರೈತನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅನುಮತಿಯಿಲ್ಲದೆ ಒಂದು ಹೊರೆ ಕಟ್ಟಿಗೆ ತಂದರೆ ಹಳ್ಳಿಗನಿಗೆ ಅಪರಾಧವಾಗುವ ಕಾಡಿನಲ್ಲಿ ತೈಲಬಾವಿ ಅಭಿವೃದ್ಧಿ ಹೇಗಾಗುತ್ತದೆ? ರಕ್ಷಣೆಯ ನಿಯಮ ದುರ್ಬಲನಿಗೆ ಮಾತ್ರ ಅನ್ವಯಿಸುವುದಾದರೆ ಅದನ್ನು ರಕ್ಷಣೆಯೆಂದು ಕರೆಯಲಾಗದು.

ಜಲಪಾತವೂ ಇಂತಹದೇ ಗಂಡಾಂತರವನ್ನು ಕಂಡಿದೆ. 1962ರ ಮಹಾಪೂರದಲ್ಲಿ ಮರ್ಚಿಸನ್ ಪಕ್ಕದಲ್ಲೇ ಮೂಡಿದ ಉಹುರು ಜಲಪಾತದ ಬಳಿ 360 ಮೆಗಾವಾಟ್ ವಿದ್ಯುತ್ ಯೋಜನೆಯ ಪ್ರಸ್ತಾಪ 2019ರ ಜೂನ್ ತಿಂಗಳಲ್ಲಿ ಪ್ರಕಟವಾಯಿತು. ಪ್ರವಾಸೋದ್ಯಮದಲ್ಲಿ ದುಡಿಯುವವರು, ಪರಿಸರಾಸಕ್ತರು, ಸಾಮಾನ್ಯ ನಾಗರಿಕರು ಒಕ್ಕೊರಲಿನಿಂದ ಪ್ರತಿಭಟಿಸಿದರು. ಆಗಸ್ಟ್ ತಿಂಗಳಲ್ಲಿ ಸರಕಾರ ಹಿಂದೆ ಸರಿದಂತೆ ಕಂಡಿತು. ವರ್ಷಾಂತ್ಯಕ್ಕೆ ಸಾಧ್ಯತೆಯ ಅಧ್ಯಯನಕ್ಕೆ ಮತ್ತೆ ಸಮ್ಮತಿಯಿತ್ತಿತು. ಅಣೆಕಟ್ಟು ಮೇಲೆದ್ದಿಲ್ಲ, ಆಸೆಯೂ ಆರಿದೆಯೆಂದು ನಂಬಲಾಗದು.

ಈ ಕಥೆಯ ಅಂತ್ಯ ಹೇಗಿರಬಹುದೆಂಬುದಕ್ಕೆ ಶರಾವತಿಯೇ ಸಾಕ್ಷಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಬಳಿಕ ಜೋಗದ ವೈಭವ ಮಳೆಯ ಕೃಪೆಗೂ ಅಣೆಯ ಬಾಗಿಲಿಗೂ ಒಳಪಟ್ಟಿತು. ನಾಡಿಗೆ ಬೆಳಕು ಬಂದಿತು, ನಿಜ. ಅದಕ್ಕಾಗಿ ಮುಳುಗಿದ ಊರುಗಳವರು ಭೂಮಿಯ ಹಕ್ಕಿಗಾಗಿ ದಶಕಗಳ ಕಾಲ ಅಲೆದರು.

ಪ್ರವಾಸೋದ್ಯಮವೊಂದೇ ಕಾಡನ್ನು ಉಳಿಸುತ್ತದೆಂಬ ಮಾತನ್ನು ಉಗಾಂಡದ ಅನುಭವ ಸುಳ್ಳಾಗಿಸಿದೆ. ಹೆಚ್ಚಿನ ಆದಾಯದ ಆಮಿಷ ಬಂದೊಡನೆ ಪ್ರವಾಸಿಯ ಹಣ ಹಗುರವಾಗುತ್ತದೆ. ಆದರೆ ನೋಡಿದ ಕಣ್ಣು ಹಗುರವಾಗಬೇಕಿಲ್ಲ. 2019ರಲ್ಲಿ ಜಲಪಾತಕ್ಕಾಗಿ ದನಿಯೆತ್ತಿದವರಲ್ಲಿ ಬಹುಮಂದಿ ಅದನ್ನು ಕಂಡು ಬಲ್ಲವರು, ಅದರಿಂದ ಅನ್ನ ಉಂಡವರು. ಕಾಡಿಗೆ ಹೋಗುವ ವಿದ್ಯಾರ್ಥಿಯು ಹಕ್ಕಿಗಳ ಪಟ್ಟಿಯ ಜೊತೆಗೆ ಇನ್ನೂ ಮೂರು ಪ್ರಶ್ನೆಗಳನ್ನು ಒಯ್ಯಲಿ: ಇಲ್ಲಿ ಹಿಂದೆ ಯಾರಿದ್ದರು? ಈಗಿನ ಆದಾಯದಲ್ಲಿ ನೆರೆಯವರ ಪಾಲೆಷ್ಟು? ನಾಳೆ ಈ ನೆಲದ ಮೇಲೆ ಯಾರ ಕಣ್ಣಿದೆ? ಈ ಪ್ರಶ್ನೆಗಳನ್ನು ಕೇಳದ ಪ್ರವಾಸಿ ಚಿತ್ರಗಳನ್ನಷ್ಟೇ ಹೊತ್ತು ಮರಳುತ್ತಾನೆ. ಕೇಳಿದವನು ಕಾಡಿಗೆ ಸಾಕ್ಷಿಯಾಗುತ್ತಾನೆ. ಸಾಕ್ಷಿಗಳಿಲ್ಲದ ಕಾಡು ಹೆಚ್ಚು ಕಾಲ ಉಳಿಯದು.