ಒಂದೇ ಉಸಿರಿನ ಪಾಠ

ವೀಕ್ಷಣಾ ಪುಸ್ತಕದಲ್ಲಿ ನಾನೇ ಬರೆದ ಒಂದು ಷರಾವನ್ನು ಹಿಂದಕ್ಕೆ ಪಡೆಯುವುದಕ್ಕಾಗಿ ಈ ಬರಹ.

ಎಂಟನೆಯ ತರಗತಿ, ಕಲಾ ಸಮನ್ವಯದ ಪಾಠ. ಶಾಲಾ ಬ್ಯಾಂಡ್‌ನ ನಾಲ್ಕು ರೆಕಾರ್ಡರ್ ಕೊಳಲು, ಎರಡು ಮೆಲೋಡಿಕಾ, ಒಂದು ಬ್ಯೂಗಲ್ ಹಿಡಿದು, ಹಿಂದಿನ ದಿನ ಆಡಿದ ಕಬಡ್ಡಿ ಪಂದ್ಯವನ್ನು ಮಕ್ಕಳಿಂದಲೇ ಸಂಗೀತವಾಗಿಸುವುದು ಪ್ರಶಿಕ್ಷಣಾರ್ಥಿಯ ಯೋಜನೆ. ಚೆನ್ನಾಗಿ ಸಾಗುತ್ತಿದ್ದ ವಾದನ ನಡುವೆ ಥಟ್ಟನೆ ನಿಂತಿತು. ಯಾರೂ ಊದಲಿಲ್ಲ. ಪ್ರಶಿಕ್ಷಣಾರ್ಥಿಯೂ ಸುಮ್ಮನೆ ನಿಂತಿದ್ದರು. ನಾನು ‘ಸಮಯ ವ್ಯರ್ಥ, ತರಗತಿ ನಿಯಂತ್ರಣ ಸಾಲದು’ ಎಂದು ಬರೆದು ಅಂಕ ಕಡಿಮೆ ಮಾಡಿದೆ. ರೈಡರ್ ಹಿಡಿತಕ್ಕೆ ಸಿಕ್ಕಿ ಉಸಿರು ಕಡಿದ ಗಳಿಗೆ ಅದು, ಅಲ್ಲಿ ನಿಲ್ಲಿಸಬೇಕೆಂದು ಮಕ್ಕಳೇ ತೀರ್ಮಾನಿಸಿದ್ದರು ಎಂದು ಆಮೇಲೆ ತಿಳಿಯಿತು.

ಪಂದ್ಯವನ್ನು ಸಂಗೀತಕ್ಕೆ ತಂದವರು ಹಿಂದೆಯೂ ಇದ್ದಾರೆ. ಅಮೆರಿಕದ ಚಾರ್ಲ್ಸ್ ಐವ್ಸ್, 1897ರ ಯೇಲ್–ಪ್ರಿನ್ಸ್‌ಟನ್ ಫುಟ್‌ಬಾಲ್ ಪಂದ್ಯದ ಮೇಲೆ ಕೆಲವೇ ನಿಮಿಷಗಳ ಕೃತಿ ರಚಿಸಿದ. ಅಲ್ಲಿ ಪ್ರೇಕ್ಷಕರ ಹಾಡು, ಕೂಗು ಕೇಳಿಸುತ್ತವೆ. ಚೆಂಡು ಹಿಡಿದು ಓಡುವ ಆಟಗಾರನಾಗಿ ಟ್ರಂಪೆಟ್ ಓಡುತ್ತದೆ. ಫ್ರಾನ್ಸಿನಲ್ಲಿ ನೆಲೆಸಿದ್ದ ಆರ್ಥರ್ ಹೊನೆಗರ್ 1928ರಲ್ಲಿ ‘ರಗ್ಬಿ’ ಬರೆದಾಗ ಹಿಡಿದ ದಾರಿ ಬೇರೆ. ಯಾವುದೇ ಒಂದು ಪಂದ್ಯದ ಕಥೆ ಹೇಳದೆ, ದಾಳಿ–ಪ್ರತಿದಾಳಿಯ ಲಯವನ್ನಷ್ಟೇ ಆತ ಎತ್ತಿಕೊಂಡ. ಎರಡೂ ತಂತಿವಾದ್ಯಗಳಿರುವ ಪೂರ್ಣ ಆರ್ಕೆಸ್ಟ್ರಾಗೆ ಬರೆದವು. ನಮ್ಮ ಏಳು ಊದುವಾದ್ಯಗಳಿಗೆ ಅವು ಮಾದರಿಯಾಗಲಾರವು. ಆದರೆ ಎರಡು ದಾರಿಗಳಿವೆ ಎಂಬುದನ್ನು ತೋರಿಸುತ್ತವೆ.

ನಮ್ಮ ಪಾಠಯೋಜನೆಗಳು ಬಹುತೇಕ ಮೊದಲನೆಯ ದಾರಿಯ ಸುಲಭದ ತುದಿಯಲ್ಲೇ ನಿಂತುಬಿಡುತ್ತವೆ. ಸೀಟಿ, ಚಪ್ಪಾಳೆ, ‘ಹೋ’ ಎನ್ನುವ ಗದ್ದಲ. ಇಂಥ ಪಾಠಕ್ಕೆ ಒಳ್ಳೆಯ ಅಂಕವೂ ಬರುತ್ತದೆ, ಏಕೆಂದರೆ ಕೊನೆಯ ಬೆಂಚಿನಲ್ಲಿ ಕುಳಿತ ನಮಗೆ ಅದು ‘ಚಟುವಟಿಕೆ’ಯಾಗಿ ಕೇಳಿಸುತ್ತದೆ.

ಕಬಡ್ಡಿಯ ಜೀವ ಇರುವುದು ಉಸಿರಿನಲ್ಲಿ. ಎದುರಾಳಿಯ ಅಂಗಳದಲ್ಲಿ ಒಂದೇ ಉಸಿರಿಗೆ ‘ಕಬಡ್ಡಿ’ ಎನ್ನುತ್ತಿರಬೇಕು, 30 ಸೆಕೆಂಡಿನೊಳಗೆ ಮರಳಬೇಕು. ಊದುವಾದ್ಯಕ್ಕೂ ಬಂಡವಾಳ ಅದೇ ಉಸಿರು. ಒಬ್ಬಳು ರೈಡರ್ ಆಗಿ ಒಂದೇ ಉಸಿರಿಗೆ ಕೊಳಲು ನುಡಿಸಲಿ, ಉಳಿದವರು ಅವಳ ಉಸಿರು ಸೋಲುವುದನ್ನು ಕಿವಿಗೊಟ್ಟು ಕಾದು ಮುತ್ತಲಿ. ಯಾವಾಗ ಸೇರಬೇಕೆಂದು ಎಣಿಕೆ ಹೇಳಿಕೊಡಬೇಕಿಲ್ಲ. ಬ್ಯೂಗಲ್‌ಗೆ ಕವಾಟಗಳಿಲ್ಲ, ಕೆಲವೇ ಸ್ವರಗಳು ಹೊರಡುತ್ತವೆ, ರಾಗದ ಬೆನ್ನು ಹತ್ತಲಾರದು. ಆ ತರಗತಿಯ ಮಕ್ಕಳು ಅದನ್ನು ಅಂಪೈರ್ ಮಾಡಿದ್ದರು! ವಾದ್ಯದ ಮಿತಿಯನ್ನು ಅದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ.

ಇದನ್ನು ‘ಕಲಿಕಾ ಫಲ’ದ ಅಂಕಣದಲ್ಲಿ ಹೇಗೆ ಬರೆಯುವುದೆಂದು ಸಹೋದ್ಯೋಗಿಗಳು ಕೇಳುತ್ತಾರೆ. ‘ಮತ್ತೊಬ್ಬರ ಉಸಿರನ್ನು ಆಲಿಸಿ ವಾದನ ಆರಂಭಿಸುವರು, ನಿಲ್ಲಿಸುವರು’ ಎಂದು ಬರೆಯಬಹುದು. ಅಳೆಯಲೂ ಬರುತ್ತದೆ. ಆದರೆ ಯೋಜನೆಯಲ್ಲಿ ಮೌನಕ್ಕೂ ನಿಮಿಷ ಬರೆದಿಡಿ ಎಂದು ಪ್ರಶಿಕ್ಷಣಾರ್ಥಿಗಳಿಗೆ ಹೇಳುತ್ತೇನೆ. ನನ್ನಂಥ ವೀಕ್ಷಕರು ಇನ್ನೂ ಇದ್ದಾರೆ.

ಆ ಪುಸ್ತಕವನ್ನು ತರಿಸಿಕೊಂಡು ಷರಾ ಹೊಡೆದುಹಾಕಿ ಸಹಿ ಮಾಡಿದ್ದೇನೆ. ಅಂಕಗಳು ಮಾತ್ರ ಅಷ್ಟರಲ್ಲಿ ಕಚೇರಿಗೆ ಹೋಗಿಬಿಟ್ಟಿದ್ದವು.